ಯಾರು ಯಾರ ಜೊತೆ ಯಾವ ಭಾಷೆಯಲ್ಲಿ? ‘ಟೋಕಿಯೋ ವೈಸ್’ ನೋಡುವವರಿಗೆ ಒಂದಿಷ್ಟು ಹಿನ್ನೆಲೆ

ಒಟಿಟಿ ಬಂದ ಮೇಲೆ ನಮ್ಮ ಮನೆಗಳಲ್ಲಿ ಕೊರಿಯನ್, ಸ್ಪ್ಯಾನಿಷ್, ಜಪಾನೀಸ್ ಸರಣಿಗಳು ಸಲೀಸಾಗಿ ಓಡುತ್ತಿವೆ. ಒಂದೇ ಭಾಷೆಯ ಸರಣಿಯಾದರೆ ತೊಂದರೆ ಇಲ್ಲ. ಕೆಳಗೆ ಸಬ್‌ಟೈಟಲ್ ಬರುತ್ತದೆ, ಓದಿಕೊಂಡು ಹೋದರಾಯಿತು. ತಲೆಬಿಸಿ ಶುರುವಾಗುವುದು ಎರಡು ಮೂರು ಭಾಷೆ ಬೆರೆತಾಗ. ಜಪಾನೀಸ್‌ನಲ್ಲಿ ಶುರುವಾದ ದೃಶ್ಯ ಮಧ್ಯದಲ್ಲೇ ಇಂಗ್ಲಿಷ್‌ಗೆ ಹೊರಳುತ್ತದೆ. ಸಬ್‌ಟೈಟಲ್ ಒಮ್ಮೆ ಬರುತ್ತದೆ, ಒಮ್ಮೆ ಮಾಯ. ಇವರು ಈಗ ಯಾಕೆ ಭಾಷೆ ಬದಲಿಸಿದರು ಎಂದು ಯೋಚಿಸುವಷ್ಟರಲ್ಲಿ ಅಲ್ಲೊಂದು ಹೆಣ ಬಿದ್ದಿರುತ್ತದೆ.

ಈ ಬಗೆಯ ಸರಣಿಗೆ ಒಳ್ಳೆಯ ಉದಾಹರಣೆ ‘ಟೋಕಿಯೋ ವೈಸ್’. ಟೋಕಿಯೋದಲ್ಲಿ ನೆಲೆಸಿದ ಹೊರದೇಶದವರ ಸುತ್ತ ಸಾಗುವ ಕ್ರೈಮ್ ಕಥೆ ಇದು. ಮುಖ್ಯವಾಗಿ ಜಪಾನೀಸ್ ಮತ್ತು ಇಂಗ್ಲಿಷ್. ಇದನ್ನು ಬರೀ ‘ಪತ್ರಕರ್ತ ವರ್ಸಸ್ ಮಾಫಿಯಾ’ ಎಂದು ನೋಡಿದರೂ ಮಜಾ ಸಿಗುತ್ತದೆ. ಆದರೆ ಯಾರು ಯಾರ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎಂಬುದನ್ನು ಗಮನಿಸುತ್ತಾ ಹೋದರೆ ಇನ್ನೊಂದು ಕಥೆಯೇ ಕಾಣುತ್ತದೆ. ಇಲ್ಲಿ ಭಾಷೆಯೂ ಬೆರಳಚ್ಚಿನಂಥ ಒಂದು ಸುಳಿವು. ಅದನ್ನು ಹಿಡಿಯಲು ಜಪಾನಿನ ಬಗ್ಗೆ, ಸಬ್‌ಟೈಟಲ್ ಬಗ್ಗೆ ಕೆಲವು ಸಂಗತಿ ಗೊತ್ತಿರಬೇಕು. ಕಥೆಯ ತಿರುವುಗಳನ್ನು ಬಿಟ್ಟುಕೊಡದೆ ಅಷ್ಟನ್ನು ಇಲ್ಲಿ ಹೇಳುತ್ತೇನೆ.

ಕಥೆ ಯಾರದು, ಯಾವ ಕಾಲದ್ದು

ಸರಣಿ ಶುರುವಾಗಿದ್ದು 2022ರ ಏಪ್ರಿಲ್‌ನಲ್ಲಿ. ಅಮೆರಿಕದ ಎಚ್‌ಬಿಒ ಮ್ಯಾಕ್ಸ್ ಮತ್ತು ಜಪಾನಿನ ವೌವೌ ಚಾನೆಲ್ ಸೇರಿ ಮಾಡಿದ್ದು. ಕಥೆ ಕಟ್ಟಿದವರು ನಾಟಕಕಾರ ಜೆ. ಟಿ. ರೋಜರ್ಸ್. ಮೊದಲ ಕಂತನ್ನು ನಿರ್ದೇಶಿಸಿದವರು ಮೈಕಲ್ ಮಾನ್. ಟೋಕಿಯೋದಲ್ಲೇ ಚಿತ್ರೀಕರಣ. 2020ರ ಮಾರ್ಚ್‌ನಲ್ಲಿ ಶುರು ಮಾಡಿದ ಸ್ವಲ್ಪ ದಿನಕ್ಕೇ ಕೊರೊನಾದಿಂದ ನಿಂತುಹೋಗಿ, ಅದೇ ವರ್ಷದ ಕೊನೆಗೆ ಮತ್ತೆ ಶುರುವಾಯಿತು.

ಕಥೆ ನಡೆಯುವುದು 1999ರ ಸುಮಾರಿಗೆ. ಜೇಕ್ ಅಮೆರಿಕದ ಹುಡುಗ. ಟೋಕಿಯೋದಲ್ಲಿ ಓದಿ, ಅಲ್ಲಿನ ದೊಡ್ಡ ಜಪಾನೀಸ್ ಪತ್ರಿಕೆಯ ಪರೀಕ್ಷೆ ಬರೆದು, ಕ್ರೈಮ್ ವರದಿಗಾರನಾಗುತ್ತಾನೆ. ಎಮಿ ಅವನ ಮೇಲಿನ ಹಿರಿಯ ಪತ್ರಕರ್ತೆ. ಕತಗಿರಿ ಅನುಭವಿ ಪೊಲೀಸ್ ಅಧಿಕಾರಿ, ಆ ಪಾತ್ರ ಮಾಡಿದವರು ಕೆನ್ ವತನಬೆ. ಸಾಟೊ ಒಂದು ಮಾಫಿಯಾ ಗ್ಯಾಂಗಿನ ಕಿರಿಯ ಸದಸ್ಯ. ಸಮಂತಾ ಅಮೆರಿಕದಿಂದ ಬಂದು ರಾತ್ರಿ ಕ್ಲಬ್ಬಿನಲ್ಲಿ ದುಡಿಯುವವಳು.

ಇದಕ್ಕೆ ಮೂಲ ಜೇಕ್ ಏಡೆಲ್‌ಸ್ಟೀನ್ 2009ರಲ್ಲಿ ಬರೆದ ನೆನಪಿನ ಪುಸ್ತಕ. ಅವರು 1993ರಲ್ಲಿ ‘ಯೊಮಿಉರಿ ಶಿಂಬುನ್’ ಸೇರಿದವರು. ಆ ಪತ್ರಿಕೆ ಆಗ ದಿನಕ್ಕೆ 1 ಕೋಟಿಗೂ ಜಾಸ್ತಿ ಪ್ರತಿ ಮಾರುತ್ತಿತ್ತು. ಸರಣಿಯಲ್ಲಿ ಪತ್ರಿಕೆಯ ಹೆಸರು ಬೇರೆ, ಇಸವಿ ಬೇರೆ, ಹಲವು ಪಾತ್ರಗಳು ಕಲ್ಪನೆಯವು. ಹಾಗಾಗಿ ಇದನ್ನು ಸಾಕ್ಷ್ಯಚಿತ್ರ ಎಂದುಕೊಂಡು ನೋಡಬೇಡಿ. ಹಿನ್ನೆಲೆ ಮಾತ್ರ ನಿಜವಾದ್ದು.

ಎಕ್ಸ್‌ಪ್ಯಾಟ್ ಅಂದರೆ ಯಾರು?

ಕೆಲಸಕ್ಕೋ ಓದಿಗೋ ಬೇರೆ ದೇಶಕ್ಕೆ ಹೋಗಿ, ಅಲ್ಲಿ ಕೆಲ ವರ್ಷ ಇದ್ದು, ಬೇಕೆಂದಾಗ ತಮ್ಮೂರಿಗೆ ಮರಳಬಹುದಾದವರನ್ನು ಸಾಮಾನ್ಯವಾಗಿ ಎಕ್ಸ್‌ಪ್ಯಾಟ್ ಎನ್ನುತ್ತಾರೆ. ಅಲ್ಲೇ ಬೇರೂರಲು ಹೋದವರು ವಲಸಿಗರು. ಜೀವ ಉಳಿಸಿಕೊಳ್ಳಲು ಓಡಿಬಂದವರು ನಿರಾಶ್ರಿತರು. ಕಾಗದದ ಮೇಲೆ ಈ ಮೂರೂ ಬೇರೆ ಬೇರೆ. ಬೀದಿಯಲ್ಲಿ ಗೆರೆ ಅಷ್ಟು ನೇರವಾಗಿಲ್ಲ. ಒಂದೇ ಕ್ಲಬ್ಬಿನಲ್ಲಿ ಗಿರಾಕಿಯಾಗಿ ಕುಳಿತ ಬ್ಯಾಂಕ್ ಅಧಿಕಾರಿಯೂ ವಿದೇಶಿ, ಅವನಿಗೆ ಗ್ಲಾಸು ತುಂಬಿಸುವ ಹುಡುಗಿಯೂ ವಿದೇಶಿ. ಅವನಿಗೆ ವೀಸಾ ಮಾಡಿಸಿಕೊಡಲು ಕಂಪನಿ ಇದೆ. ಅವಳ ವೀಸಾ ನಾಳೆ ಮುಗಿಯಬಹುದು.

1999ರಲ್ಲಿ ಜಪಾನಿನ ಜನಸಂಖ್ಯೆ ಸುಮಾರು 12.6 ಕೋಟಿ. ನೋಂದಾಯಿತ ವಿದೇಶಿಯರು ಸುಮಾರು 15 ಲಕ್ಷ. ಅಂದರೆ ನೂರಕ್ಕೆ ಒಬ್ಬರು ಸ್ವಲ್ಪ ಜಾಸ್ತಿ. ಆ ಒಬ್ಬರು ಎಲ್ಲಿ ಹೋದರೂ ಎದ್ದು ಕಾಣುತ್ತಿದ್ದರು. ವರ್ಷಕ್ಕಿಂತ ಹೆಚ್ಚು ಕಾಲ ಉಳಿಯುವ ಜೇಕ್‌ನಂಥವರು ಆಗಿನ ಕಾನೂನಿನ ಪ್ರಕಾರ ಸರ್ಕಾರಕ್ಕೆ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕಿತ್ತು. ಆ ನಿಯಮ ಹೋಗಿದ್ದು 2000ದ ಏಪ್ರಿಲ್‌ನಲ್ಲಿ.

ಕ್ರೈಮ್ ಕಥೆಗಾರರಿಗೆ ಇಂಥ ಜಾಗ ಯಾಕೆ ಇಷ್ಟ ಎಂದು ಈಗ ಊಹಿಸಬಹುದು. ಹೊರಗಿನವನು ಕೇಳಬಾರದ್ದನ್ನು ಕೇಳುತ್ತಾನೆ. ಊರಿನವರಿಗೆ ಇದು ಹೀಗೇ ಎಂದು ರೂಢಿಯಾಗಿರುತ್ತದೆ, ಅವನಿಗೆ ಇಲ್ಲ. ಅವನಿಗೆ ಸಿಗುವ ಉತ್ತರದಿಂದ ನೋಡುಗರಿಗೂ ಊರಿನ ಒಳಗುಟ್ಟು ತಿಳಿಯುತ್ತದೆ. ಹೆದರಿಸುವವರ ಕೈಗೂ ಒಂದು ಸುಲಭದ ಆಯುಧ ಇರುತ್ತದೆ, ಪಾಸ್‌ಪೋರ್ಟ್. ಅದನ್ನು ಕಸಿದುಕೊಂಡರೆ ಸಾಕು, ಪೊಲೀಸರ ಹತ್ತಿರ ಹೋಗುವ ದಾರಿಯೂ ಮುಚ್ಚುತ್ತದೆ. ಹೋದರೂ ಹೇಳಿಕೊಳ್ಳುವುದು ಯಾವ ಭಾಷೆಯಲ್ಲಿ?

ಭಾಷೆ ಬದಲಾಗುವುದು ಎಲ್ಲಿ, ಯಾಕೆ

ಒಂದೇ ಮಾತುಕತೆಯಲ್ಲಿ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವುದನ್ನು ಭಾಷಾ ಪಂಡಿತರು ಕೋಡ್ ಸ್ವಿಚಿಂಗ್ ಎನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ನಮಗೆಲ್ಲ ಗೊತ್ತಿರುವುದೇ. ಚಿಕ್ಕಪೇಟೆಯ ಬಟ್ಟೆ ಅಂಗಡಿಗೆ ಹೋಗಿ ನೋಡಿ. ಮಾಲೀಕ ನಿಮ್ಮ ಜೊತೆ ಚೆನ್ನಾಗಿಯೇ ಕನ್ನಡ ಮಾತಾಡುತ್ತಿರುತ್ತಾನೆ. ನೀವು “ಕೊನೇ ರೇಟು ಹೇಳಿ” ಅಂದ ತಕ್ಷಣ ಪಕ್ಕದ ತಮ್ಮನ ಕಡೆ ತಿರುಗಿ ಮಾರವಾಡಿಯಲ್ಲಿ ಏನೋ ಅನ್ನುತ್ತಾನೆ. ನಿಮಗೆ ಒಂದಕ್ಷರ ಅರ್ಥವಾಗುವುದಿಲ್ಲ. ಆದರೂ ಇನ್ನಷ್ಟು ಇಳಿಸಲು ಜಾಗ ಇದೆ ಎಂಬುದು ಅರ್ಥವಾಗಿಬಿಡುತ್ತದೆ, ಅಲ್ವಾ?

‘ಟೋಕಿಯೋ ವೈಸ್’ ಉದ್ದಕ್ಕೂ ಇಂಥ ಗಳಿಗೆಗಳಿವೆ. ಜೇಕ್ ಪತ್ರಿಕೆಯ ಕಚೇರಿಯಲ್ಲಿ ಜಪಾನೀಸ್ ಮಾತಾಡುತ್ತಾನೆ. ಅಲ್ಲಿ ಅವನಿಗೆ ಬೇರೆ ದಾರಿ ಇಲ್ಲ. ಕೆಲಸ ಸಿಕ್ಕಿದ್ದೇ ಆ ಭಾಷೆಯಿಂದ. ಕತಗಿರಿಯ ಜೊತೆ ಮಾತು ಎರಡೂ ಕಡೆ ಓಡಾಡುತ್ತದೆ. ಪೊಲೀಸ್ ಅಧಿಕಾರಿ ತಾನಾಗಿ ಇಂಗ್ಲಿಷ್‌ಗೆ ಇಳಿದಾಗ ಅದಕ್ಕೊಂದು ಕಾರಣ ಇರುತ್ತದೆ. ಸುತ್ತಲಿನವರಿಗೆ ತಿಳಿಯಬಾರದು ಎಂದಿರಬಹುದು, ಜೇಕ್‌ಗೆ ಖಂಡಿತ ಅರ್ಥವಾಗಲೇಬೇಕು ಎಂದಿರಬಹುದು. ಪ್ರತಿ ಸಲವೂ ನೀವೇ ಊಹಿಸಿ. ಸರಣಿ ಬಾಯಿಬಿಟ್ಟು ಹೇಳುವುದಿಲ್ಲ.

ಸಾಟೊ ಮತ್ತು ಜೇಕ್ ಕಾರಿನಲ್ಲಿ ಕೂತು ಆ ಕಾಲದ ಒಂದು ಅಮೆರಿಕನ್ ಪಾಪ್ ಹಾಡಿನ ಸಾಲುಗಳ ಬಗ್ಗೆ ಚರ್ಚೆ ಮಾಡುವ ದೃಶ್ಯ ಒಂದಿದೆ. ಹೊರಗೆ ನಗು ಬರುತ್ತದೆ. ಆದರೆ ಗಮನಿಸಿ. ಇಡೀ ಊರಿನಲ್ಲಿ ಜೇಕ್ ಭಾಷೆ ಕಲಿಯುವ ಶಿಷ್ಯ. ಆ ಕಾರಿನಲ್ಲಿ ಮಾತ್ರ ಅವನು ಮೇಷ್ಟ್ರು. ಗ್ಯಾಂಗಿನವನು ಪ್ರಶ್ನೆ ಕೇಳುವವನು. ಇಬ್ಬರ ನಡುವೆ ಸಲಿಗೆ ಹುಟ್ಟುವುದು ಇಲ್ಲೇ.

ಸಮಂತಾಳ ಜಪಾನೀಸ್ ತುಂಬ ಸಲೀಸು. ಯಾಕೆ ಎಂಬುದಕ್ಕೂ ಕಥೆಯಲ್ಲಿ ಉತ್ತರ ಇದೆ. ಅವಳು ಮೊದಲು ಜಪಾನಿಗೆ ಬಂದಿದ್ದು ಮಾರ್ಮನ್ ಚರ್ಚಿನ ಮಿಷನರಿಯಾಗಿ. ಅಮೆರಿಕದ ಉಟಾ ರಾಜ್ಯದಲ್ಲಿ ನೆಲೆಯಿರುವ ಈ ಚರ್ಚು ತನ್ನ ಯುವಜನರನ್ನು ಬೇರೆ ದೇಶಕ್ಕೆ ಕಳಿಸುವ ಮೊದಲು ಅಲ್ಲಿನ ಭಾಷೆ ಕಲಿಸುತ್ತದೆ. ಧರ್ಮಪ್ರಚಾರಕ್ಕೆ ಕಲಿತ ಭಾಷೆ ಕ್ಲಬ್ಬಿನಲ್ಲಿ ಅನ್ನಕ್ಕೆ ದಾರಿಯಾಗುತ್ತದೆ. ಕ್ಲಬ್ಬಿನ ಇತರ ಹುಡುಗಿಯರಿಗೆ ಅಷ್ಟು ಭಾಷೆ ಬಾರದು. ಯಾರು ಎಷ್ಟು ಅಪಾಯದಲ್ಲಿದ್ದಾರೆ ಎಂಬುದನ್ನು ಅವರ ಜಪಾನೀಸ್ ಎಷ್ಟು ಚೆನ್ನಾಗಿದೆ ಎಂಬುದರಿಂದಲೇ ಅಳೆಯಬಹುದು.

ಸಬ್‌ಟೈಟಲ್ ಏನನ್ನು ನುಂಗುತ್ತದೆ

ಸಬ್‌ಟೈಟಲ್ ಮಾಡುವವರ ಕಷ್ಟ ನಮಗೆ ಕಾಣುವುದಿಲ್ಲ. ಪರದೆಯ ಮೇಲೆ ಹೆಚ್ಚೆಂದರೆ ಎರಡು ಸಾಲು. ನೆಟ್‌ಫ್ಲಿಕ್ಸ್‌ನ ನಿಯಮದಲ್ಲಿ ಇಂಗ್ಲಿಷ್‌ಗೆ ಸಾಲಿಗೆ 42 ಅಕ್ಷರ. ಒಂದು ಸಬ್‌ಟೈಟಲ್ 7 ಸೆಕೆಂಡಿಗಿಂತ ಜಾಸ್ತಿ ಹೊತ್ತು ನಿಲ್ಲುವಂತಿಲ್ಲ. ಓದುತ್ತಲೇ ನಾವು ಚಿತ್ರವನ್ನೂ ನೋಡಬೇಕು. ಹಾಗಾಗಿ ಪಾತ್ರ ಹೇಳಿದ್ದೆಲ್ಲ ಕೆಳಗೆ ಬರುವುದಿಲ್ಲ. ಸಾರ ಮಾತ್ರ ಬರುತ್ತದೆ.

ಮೊದಲು ಹೋಗುವುದು ಮರ್ಯಾದೆಯ ಲೆಕ್ಕಾಚಾರ. ಜಪಾನೀಸ್‌ನಲ್ಲಿ ಕ್ರಿಯಾಪದದ ಕೊನೆಯೇ ಬದಲಾಗುತ್ತದೆ. ಮನೆಯವರ, ಸ್ನೇಹಿತರ ಜೊತೆ ಒಂದು ರೂಪ. ಹೊರಗಿನವರ ಜೊತೆ ಸಭ್ಯವಾದ ಇನ್ನೊಂದು ರೂಪ. ದೊಡ್ಡವರನ್ನು ಮೇಲೇರಿಸಿ, ತನ್ನನ್ನು ಕೆಳಗಿಳಿಸಿಕೊಂಡು ಮಾತಾಡುವ ಮೂರನೇ ರೂಪವೂ ಇದೆ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಬಾ’, ‘ಬನ್ನಿ’, ‘ದಯಮಾಡಿಸಿ’ ನಮಗೆ ಬೇರೆ ಬೇರೆಯಾಗಿಯೇ ಕೇಳಿಸುತ್ತವೆ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಮೂರೂ ಒಂದೇ ಆಗಿಬಿಡುತ್ತವೆ.

ಈ ಸರಣಿಯಲ್ಲಿ ಅದರಿಂದ ಆಗುವ ನಷ್ಟ ಸಣ್ಣದಲ್ಲ. ಪತ್ರಿಕೆಯ ಕಚೇರಿಯಲ್ಲಿ ಕಿರಿಯರು ಹಿರಿಯರ ಜೊತೆ, ಗ್ಯಾಂಗಿನಲ್ಲಿ ಹುಡುಗರು ನಾಯಕನ ಜೊತೆ ಮಾತಾಡುವಾಗ ರೂಪ ಒಂದಿಷ್ಟೂ ಜಾರುವುದಿಲ್ಲ. ಯಾರಾದರೂ ಬೇಕೆಂದೇ ಕೆಳಗಿನ ರೂಪಕ್ಕೆ ಇಳಿದರೆ ಅದು ಕಪಾಳಕ್ಕೆ ಹೊಡೆದ ಹಾಗೆ. ಕೆಳಗಿನ ಸಾಲಿನಲ್ಲಿ ಮಾತ್ರ ಸಾಧಾರಣ ವಾಕ್ಯವೇ ಇರುತ್ತದೆ. ಎದುರಿನವನ ಮುಖ ಯಾಕೆ ಕಪ್ಪಿಟ್ಟಿತು ಎಂದು ನಮಗೆ ಹೊಳೆಯುವುದಿಲ್ಲ.

ಇದಕ್ಕೆ ಒಂದು ಉಪಾಯ ಇದೆ. ಜಪಾನೀಸ್ ಬರಬೇಕಿಲ್ಲ. ವಾಕ್ಯದ ಕೊನೆಗೆ ಕಿವಿ ಕೊಡಿ. ‘ದೆಸ್’, ‘ಮಾಸ್’ ಎಂಬ ಸದ್ದು ಬಂದರೆ ಸಭ್ಯ ರೂಪ. ಹೆಸರಿನ ಕೊನೆಗೆ ‘ಸಾನ್’ ಬಂದರೆ ಗೌರವ. ಬರೀ ಹೆಸರು ಹಿಡಿದು ಕೂಗಿದರೆ ತೀರಾ ಸಲಿಗೆ, ಮೇಲಧಿಕಾರ, ಇಲ್ಲವೇ ಅವಮಾನ. ಒಂದೆರಡು ಕಂತು ಮುಗಿಯುವಷ್ಟರಲ್ಲಿ ಕಿವಿ ಪಳಗುತ್ತದೆ.

ಸಬ್‌ಟೈಟಲ್‌ನ ಇನ್ನೊಂದು ಸಮಸ್ಯೆ, ಪಾತ್ರಗಳು ಯಾವ ಭಾಷೆ ಮಾತಾಡುತ್ತಿವೆ ಎಂಬುದನ್ನೇ ಅದು ಮುಚ್ಚಿಡುತ್ತದೆ. ಎರಡು ಅಪರಿಚಿತ ಭಾಷೆ ಬೆರೆತರೆ ಇದು ಇನ್ನೂ ಕಷ್ಟ. ಕೊರಿಯನ್ ಕುಟುಂಬವೊಂದು ಜಪಾನಿನಲ್ಲಿ ಬಾಳಿದ ಕಥೆ ಹೇಳುವ ‘ಪಚಿಂಕೊ’ ಎಂಬ ಸರಣಿ 2022ರಲ್ಲೇ ಬಂತು. ಅವರು ಇದಕ್ಕೆ ಸರಳವಾದ ದಾರಿ ಕಂಡುಕೊಂಡರು. ಕೊರಿಯನ್ ಮಾತಿಗೆ ಹಳದಿ ಸಬ್‌ಟೈಟಲ್, ಜಪಾನೀಸ್ ಮಾತಿಗೆ ನೀಲಿ. ಒಂದೇ ವಾಕ್ಯದಲ್ಲಿ ಎರಡೂ ಬಣ್ಣ ಬಂದಾಗ ಆ ಪಾತ್ರದ ಬದುಕೇ ಕಣ್ಣಿಗೆ ಕಟ್ಟುತ್ತದೆ. ಬೇರೆಯವರೂ ಇದನ್ನು ಯಾಕೆ ಮಾಡುತ್ತಿಲ್ಲವೋ!

ಡಬ್ಬಿಂಗ್ ಹಾಕಿಕೊಂಡರೆ?

ಹಾಕಿಕೊಳ್ಳಬಹುದು. ಓದುವ ಕಷ್ಟ ಇರುವುದಿಲ್ಲ. ವಯಸ್ಸಾದವರಿಗೆ, ಕಣ್ಣು ಮಂಜಾದವರಿಗೆ ಅದೇ ಸರಿ. ಆದರೆ ಭಾಷೆ ಬೆರೆತ ಸರಣಿಯಲ್ಲಿ ಡಬ್ಬಿಂಗ್ ಎಲ್ಲರನ್ನೂ ಒಂದೇ ಭಾಷೆಯವರನ್ನಾಗಿ ಮಾಡಿಬಿಡುತ್ತದೆ. ಆಮೇಲೆ ಒಬ್ಬ ಇನ್ನೊಬ್ಬನಿಗೆ “ನೀನು ನಮ್ಮ ಭಾಷೆ ಚೆನ್ನಾಗಿ ಮಾತಾಡ್ತೀಯ” ಅಂದರೆ ಯಾವ ಭಾಷೆ, ಏನು ಕಥೆ? ದುಭಾಷಿ ಇರುವ ದೃಶ್ಯಗಳಂತೂ ಹಾಸ್ಯವಾಗಿಬಿಡುತ್ತವೆ.

ಕರ್ನಾಟಕದ ನೋಡುಗರಿಗೆ ಇಲ್ಲೊಂದು ಅನುಕೂಲ ಇದೆ. 1960ರ ದಶಕದಿಂದ ಹಲವು ದಶಕ ಕನ್ನಡಕ್ಕೆ ಡಬ್ಬಿಂಗ್ ಬರದಂತೆ ಚಿತ್ರರಂಗವೇ ತಡೆದಿತ್ತು. ಅದು ಕಾನೂನಲ್ಲ, ಒಂದು ಕಟ್ಟುಪಾಡು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟಿತು. ಆ ಕಟ್ಟುಪಾಡು ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಆದರೆ ಅಷ್ಟು ವರ್ಷ ನಾವು ತಮಿಳು, ತೆಲುಗು, ಹಿಂದಿ ಸಿನಿಮಾಗಳನ್ನು ಆಯಾ ಭಾಷೆಯಲ್ಲೇ ನೋಡಿದೆವು. ಅರ್ಧ ಅರ್ಥವಾಗಿ, ಅರ್ಧ ಊಹಿಸಿ. ಆ ಅಭ್ಯಾಸ ಈಗ ಇಲ್ಲಿ ಕೆಲಸಕ್ಕೆ ಬರುತ್ತದೆ.

ಯಾಕುಝಾ: ಬೋರ್ಡು ಹಾಕಿಕೊಂಡ ಗ್ಯಾಂಗು

ಹೊಸದಾಗಿ ನೋಡುವವರಿಗೆ ಹುಟ್ಟುವ ಮೊದಲ ಪ್ರಶ್ನೆ ಇದು. ಗ್ಯಾಂಗಿನವರು ಇಷ್ಟು ರಾಜಾರೋಷವಾಗಿ ಓಡಾಡುತ್ತಾರಲ್ಲ, ಪೊಲೀಸರು ಹಿಡಿಯುವುದಿಲ್ಲವೇ?

ಯಾಕುಝಾ ಎಂಬುದು ಜಪಾನಿನ ಸಂಘಟಿತ ಅಪರಾಧ ಗುಂಪುಗಳಿಗೆ ಇರುವ ಒಟ್ಟು ಹೆಸರು. ಗುಂಪಿನ ಸದಸ್ಯನಾಗಿರುವುದೇ ಅಲ್ಲಿ ಅಪರಾಧವಲ್ಲ. ಅಪರಾಧ ಮಾಡಿದರೆ ಮಾತ್ರ ಅಪರಾಧ. ಹಾಗಾಗಿ ಗುಂಪುಗಳಿಗೆ ಕಚೇರಿ ಇರುತ್ತಿತ್ತು, ಬಾಗಿಲ ಮೇಲೆ ಹೆಸರಿನ ಫಲಕ ಇರುತ್ತಿತ್ತು, ಸದಸ್ಯರ ಹತ್ತಿರ ವಿಸಿಟಿಂಗ್ ಕಾರ್ಡ್ ಇರುತ್ತಿತ್ತು. ನಾಯಕ ‘ಒಯಾಬುನ್’, ಅಂದರೆ ತಂದೆಯ ಸ್ಥಾನ. ಕೆಳಗಿನವರು ‘ಕೊಬುನ್’, ಮಕ್ಕಳ ಸ್ಥಾನ. ಸಾಕೆ ಎಂಬ ಅಕ್ಕಿಯ ಮದ್ಯವನ್ನು ಒಟ್ಟಿಗೆ ಕುಡಿದು ಈ ಸಂಬಂಧ ಕಟ್ಟಿಕೊಳ್ಳುತ್ತಾರೆ. ಸಾಟೊ ತನ್ನ ನಾಯಕನ ಮುಂದೆ ಕೂರುವ ರೀತಿ, ತಲೆ ತಗ್ಗಿಸುವ ರೀತಿ ಎಲ್ಲ ಇದರಿಂದ ಬಂದದ್ದು.

1992ರ ಮಾರ್ಚ್‌ನಿಂದ ಒಂದು ಕಾನೂನು ಜಾರಿಗೆ ಬಂತು. ಸರ್ಕಾರ ಇಂಥ ಗುಂಪುಗಳನ್ನು ಹೆಸರಿಸಿ ಪಟ್ಟಿ ಮಾಡಿತು, ಅವರ ಸುಲಿಗೆಗೆ ಕಡಿವಾಣ ಹಾಕಲು ಹೊರಟಿತು. ಆದರೂ 1999ರಲ್ಲಿ ಸದಸ್ಯರು, ಜೊತೆಗಾರರು ಸೇರಿ 80 ಸಾವಿರಕ್ಕೂ ಹೆಚ್ಚು ಜನ ಇದ್ದರು. ನಿಜವಾದ ಪೆಟ್ಟು ಬಿದ್ದಿದ್ದು ಆಮೇಲೆ. 2011ರ ಹೊತ್ತಿಗೆ ಎಲ್ಲ ಪ್ರಾಂತ್ಯಗಳೂ ಯಾಕುಝಾ ಜೊತೆ ವ್ಯವಹರಿಸುವ ಸಾಮಾನ್ಯ ವ್ಯಾಪಾರಿಗಳ ಮೇಲೂ ಕಟ್ಟುನಿಟ್ಟು ತಂದವು. ಬ್ಯಾಂಕ್ ಖಾತೆ ತೆರೆಯುವುದು, ಬಾಡಿಗೆಗೆ ಮನೆ ಹಿಡಿಯುವುದು ಕೂಡ ಅವರಿಗೆ ಕಷ್ಟವಾಯಿತು. ಈಗ ಅವರ ಸಂಖ್ಯೆ 20 ಸಾವಿರಕ್ಕಿಂತ ಕೆಳಗಿಳಿದಿದೆ. ಸರಣಿಯಲ್ಲಿ ನಾವು ನೋಡುವುದು ಈ ಇಳಿಕೆಗೆ ಮೊದಲಿನ ಕಾಲವನ್ನು.

ಸಾಲದ ಕಥೆ

ಮೊದಲ ಸೀಸನ್ನಿನ ಬೇರು ಇರುವುದು ಸಾಲದಲ್ಲಿ. ಅದು ಗೊತ್ತಿಲ್ಲದಿದ್ದರೆ ಎರಡು ಸಾವುಗಳ ನಡುವಿನ ಕೊಂಡಿ ಸಿಗುವುದಿಲ್ಲ.

1980ರ ದಶಕದಲ್ಲಿ ಜಪಾನಿನಲ್ಲಿ ಜಮೀನು ಮತ್ತು ಷೇರು ಬೆಲೆ ಹುಚ್ಚಾಪಟ್ಟೆ ಏರಿತು. 1989ರ ಕೊನೆಯಲ್ಲಿ ಷೇರು ಸೂಚ್ಯಂಕ ನಿಕ್ಕೆ 38,900 ದಾಟಿ ಕೂತಿತ್ತು. ಮುಂದಿನ ಎರಡು ಮೂರು ವರ್ಷದಲ್ಲಿ ಎಲ್ಲ ಕುಸಿಯಿತು. ಬ್ಯಾಂಕುಗಳು ಕೈ ಬಿಗಿಹಿಡಿದವು. ಜೀವನಪೂರ್ತಿ ಕೆಲಸ ಖಾತ್ರಿ ಎಂದುಕೊಂಡಿದ್ದವರು ಕೆಲಸ ಕಳೆದುಕೊಂಡರು. ಆಗ ಬಾಗಿಲು ತೆರೆದು ಕೂತಿದ್ದವು ಖಾಸಗಿ ಲೇವಾದೇವಿ ಕಂಪನಿಗಳು. ರೈಲು ನಿಲ್ದಾಣದ ಪಕ್ಕ ಅಂಗಡಿ, ಥಳಕಿನ ಜಾಹೀರಾತು, ಅಡವಿಲ್ಲದ ಸಾಲ.

ಬಡ್ಡಿಯ ವಿಷಯದಲ್ಲಿ ಎರಡು ಕಾನೂನುಗಳಿದ್ದವು. ಒಂದು ಶೇ 15ರಿಂದ 20ಕ್ಕೆ ಮಿತಿ ಹಾಕಿತ್ತು. ಆದರೆ ಅದನ್ನು ಮೀರಿದರೆ ಶಿಕ್ಷೆ ಇರಲಿಲ್ಲ. ಇನ್ನೊಂದು ಕಾನೂನಿನಲ್ಲಿ ಶಿಕ್ಷೆ ಇತ್ತು, ಆದರೆ 1999ರಲ್ಲಿ ಅದರ ಮಿತಿಯೇ ಸುಮಾರು ಶೇ 40. ಈ ಎರಡರ ನಡುವಿನ ಸಂದಿಯಲ್ಲಿ ಇಡೀ ಉದ್ಯಮ ಬೆಳೆಯಿತು. ಸಾಲಗಾರನ ಹೆಸರಿನಲ್ಲಿ ಜೀವವಿಮೆ ಮಾಡಿಸಿ, ಅವನು ಸತ್ತರೆ ಆ ಹಣದಿಂದ ಸಾಲ ವಸೂಲಿ ಮಾಡಿಕೊಳ್ಳುವ ಪದ್ಧತಿಯೂ ಇತ್ತು. ಆತ್ಮಹತ್ಯೆಯಾದರೂ ಹಣ ಬರುತ್ತಿತ್ತು. 1998ರಲ್ಲಿ ಜಪಾನಿನಲ್ಲಿ ಆತ್ಮಹತ್ಯೆಗಳ ಸಂಖ್ಯೆ ಮೊದಲ ಬಾರಿಗೆ ವರ್ಷಕ್ಕೆ 30 ಸಾವಿರ ದಾಟಿತು. 2011ರವರೆಗೂ ಅದರ ಕೆಳಗೆ ಇಳಿಯಲಿಲ್ಲ. ಎಲ್ಲದಕ್ಕೂ ಸಾಲ ಕಾರಣವಲ್ಲ. ಆದರೆ ಹಣದ ಸಂಕಟ ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು. 2006ರಲ್ಲಿ ಕಾನೂನು ತಿದ್ದಿ ಈ ಸಂದಿಯನ್ನು ಮುಚ್ಚಿದರು. ಅದು ಪೂರ್ತಿ ಜಾರಿಗೆ ಬರಲು 2010 ಆಯಿತು.

“ಕೊಲೆ ಅಂತ ಬರೀಬೇಡ”

ಮೊದಲ ಕಂತಿನಲ್ಲೇ ಜೇಕ್ ಬೈಸಿಕೊಳ್ಳುತ್ತಾನೆ. ಒಬ್ಬ ಇರಿತದಿಂದ ಸತ್ತಿದ್ದಾನೆ. ಜೇಕ್ ‘ಕೊಲೆ’ ಎಂದು ಬರೆಯುತ್ತಾನೆ. ಪೊಲೀಸರು ಹಾಗೆ ಹೇಳಿಲ್ಲ, ಆದ್ದರಿಂದ ಅದು ಕೊಲೆ ಅಲ್ಲ ಎನ್ನುವುದು ಕಚೇರಿಯ ವಾದ. ನಮಗೆ ಇದು ವಿಚಿತ್ರ ಅನಿಸುತ್ತದೆ.

ಜಪಾನಿನಲ್ಲಿ ದೊಡ್ಡ ಸರ್ಕಾರಿ ಕಚೇರಿಗಳಿಗೆ, ಪೊಲೀಸ್ ಇಲಾಖೆಗೂ ಸೇರಿ, ಅಂಟಿಕೊಂಡಂತೆ ‘ಕಿಶಾ ಕ್ಲಬ್’ ಎಂಬ ಪತ್ರಕರ್ತರ ಕೂಟ ಇರುತ್ತದೆ. ಸುದ್ದಿ ಕೊಡುವುದು ಆ ಕೂಟದ ಪತ್ರಿಕೆಗಳಿಗೆ. ಅದರೊಳಗೆ ಇದ್ದರೆ ಸುದ್ದಿ ಸುಲಭ. ಅಧಿಕಾರಿಗಳನ್ನು ಎದುರು ಹಾಕಿಕೊಂಡರೆ ಬಾಗಿಲು ಮುಚ್ಚುವ ಭಯ. ಹಾಗಾಗಿ ವರದಿಗಾರರು ರಾತ್ರಿ ಹೊತ್ತು ಅಧಿಕಾರಿಗಳ ಮನೆಗೆ ಹೋಗಿ, ವಿಶ್ವಾಸ ಗಳಿಸಿ, ಬಾಯಿ ಬಿಡಿಸುವುದು ರೂಢಿ. ಜೇಕ್ ಮತ್ತು ಕತಗಿರಿಯ ನಂಟು ಬೆಳೆಯುವ ಬಗೆ ಇಂಥ ವ್ಯವಸ್ಥೆಯಲ್ಲಿ ಅಸಹಜವೇನಲ್ಲ.

ಪೊಲೀಸರ ಕಡೆಯಿಂದಲೂ ನೋಡಿ. ಜಪಾನಿನಲ್ಲಿ ದಾಖಲಾದ ಕೊಲೆಗಳಲ್ಲಿ ಶೇ 95ರ ಆಸುಪಾಸು ಪತ್ತೆಯಾಗುತ್ತವೆ. ಕೋರ್ಟಿಗೆ ಹೋದ ಪ್ರಕರಣಗಳಲ್ಲಿ ಶೇ 99ಕ್ಕೂ ಹೆಚ್ಚು ಶಿಕ್ಷೆಯಾಗುತ್ತದೆ. ಆರೋಪಪಟ್ಟಿ ಹಾಕುವ ಮೊದಲೇ ಒಬ್ಬನನ್ನು 23 ದಿನದವರೆಗೆ ಕಸ್ಟಡಿಯಲ್ಲಿ ಇಟ್ಟುಕೊಳ್ಳಬಹುದು. ಇಷ್ಟು ಒಳ್ಳೆಯ ಅಂಕ ಇರುವಾಗ, ಬಗೆಹರಿಯದಂಥ ಸಾವನ್ನು ಕೊಲೆ ಎಂದು ದಾಖಲಿಸಲು ಹಿಂಜರಿಕೆ ಇರುತ್ತದೆ ಎಂಬುದು ಟೀಕಾಕಾರರ ಮಾತು. ಅಸಹಜ ಸಾವುಗಳಲ್ಲಿ ಸುಮಾರು ಹತ್ತರಲ್ಲಿ ಒಂದಕ್ಕೆ ಮಾತ್ರ ಅಲ್ಲಿ ಪೋಸ್ಟ್‌ಮಾರ್ಟಂ ಆಗುತ್ತಿತ್ತು. ಸರಣಿ ಹಿಡಿದಿರುವ ಎಳೆ ಇದೇ.

ಹೋಸ್ಟೆಸ್ ಕ್ಲಬ್ಬು

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ತಪ್ಪು ತಿಳಿಯುವುದು ಸುಲಭ. ಹೋಸ್ಟೆಸ್ ಕ್ಲಬ್ಬಿನಲ್ಲಿ ಗಿರಾಕಿ ಹಣ ಕೊಡುವುದು ಜೊತೆಗೆ ಕೂತು ಮಾತಾಡುವುದಕ್ಕೆ. ಹೋಸ್ಟೆಸ್ ಅವನ ಗ್ಲಾಸು ತುಂಬುತ್ತಾಳೆ, ಸಿಗರೇಟು ಹಚ್ಚುತ್ತಾಳೆ, ಕಷ್ಟಸುಖ ಕೇಳುತ್ತಾಳೆ, ಹಾಡುತ್ತಾಳೆ. ಗಂಟೆಗೆ ಇಷ್ಟು ಎಂದು ಬಿಲ್ಲು. ಕ್ಲಬ್ಬಿಗೆ ಬರುವ ಮೊದಲು ಹೊರಗೆ ಗಿರಾಕಿಯ ಜೊತೆ ಊಟಕ್ಕೆ ಹೋಗಿ, ಅವನನ್ನು ಕರೆದುಕೊಂಡು ಬರುವುದೂ ಕೆಲಸದ ಭಾಗ. ಇಷ್ಟು ಗಿರಾಕಿಗಳನ್ನು ತರಬೇಕೆಂಬ ಒತ್ತಡವೂ ಇರುತ್ತದೆ. ಹಣ ತೆತ್ತು ಸಲಿಗೆಯ ಭ್ರಮೆ ಪಡೆಯುವ ವ್ಯಾಪಾರ ಇದು. ಆ ಭ್ರಮೆಯನ್ನು ಗಿರಾಕಿ ನಿಜ ಎಂದುಕೊಂಡ ದಿನ ಅಪಾಯ.

ಹೆಂಗಸರೇ ಗಿರಾಕಿಗಳಾಗಿ, ಗಂಡಸರು ಜೊತೆ ಕೂರುವ ಕ್ಲಬ್ಬುಗಳೂ ಉಂಟು. ಹೋಸ್ಟೆಸ್‌ಗಳು ತಮ್ಮ ಸಂಪಾದನೆಯನ್ನು ಅಲ್ಲಿ ಸುರಿದು ಸಾಲಕ್ಕೆ ಬೀಳುವುದೂ ಇದೆ. ಸರಣಿಯಲ್ಲಿ ಇದು ಮುಖ್ಯ, ಇದಕ್ಕಿಂತ ಜಾಸ್ತಿ ಹೇಳಿದರೆ ಕಥೆ ಹೋಗುತ್ತದೆ.

ಟೋಕಿಯೋದ ರೊಪ್ಪೊಂಗಿ ಬಡಾವಣೆಯಲ್ಲಿ ವಿದೇಶಿ ಹೋಸ್ಟೆಸ್‌ಗಳಿದ್ದ ಕ್ಲಬ್ಬುಗಳು ಆಗ ಹೆಚ್ಚು. ಹಲವರು ಬಂದಿದ್ದು ಪ್ರವಾಸಿ ವೀಸಾದಲ್ಲಿ. ಆ ವೀಸಾದಲ್ಲಿ ಕೆಲಸ ಮಾಡುವುದೇ ಕಾನೂನುಬಾಹಿರ. ಹಾಗಾಗಿ ಏನಾದರೂ ಆದರೆ ದೂರು ಕೊಡಲು ಹೆದರಿಕೆ. 2000ದಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದ ಬ್ರಿಟಿಷ್ ಯುವತಿಯೊಬ್ಬಳು ಕಾಣೆಯಾಗಿ, ಮುಂದಿನ ವರ್ಷ ಶವ ಸಿಕ್ಕ ಪ್ರಕರಣ ಜಗತ್ತಿನ ಗಮನ ಸೆಳೆದಿತ್ತು. ಸರಣಿ ಹೇಳುತ್ತಿರುವುದು ಆ ಪ್ರಕರಣವನ್ನಲ್ಲ. ಆದರೆ ಅದೇ ಬೀದಿ, ಅದೇ ಕಾಲ.

ಹುಟ್ಟಿದೂರಿನಲ್ಲೇ ವಿದೇಶಿ

ಎಮಿಯ ಮನೆತನ ಕೊರಿಯಾ ಮೂಲದ್ದು ಎಂಬುದು ಕಥೆಯಲ್ಲಿ ಬರುತ್ತದೆ. ಅವಳು ಅದನ್ನು ಸಾರಿಕೊಂಡು ತಿರುಗುವುದಿಲ್ಲ. ಯಾಕೆ ಎಂದು ಸರಣಿ ಹೆಚ್ಚು ವಿವರಿಸುವುದಿಲ್ಲ.

1910ರಿಂದ 1945ರವರೆಗೆ ಕೊರಿಯಾ ಜಪಾನಿನ ವಸಾಹತು. ಆಗ ಲಕ್ಷಾಂತರ ಕೊರಿಯನ್ನರು ಜಪಾನಿಗೆ ಬಂದರು. ಕೆಲವರು ಹೊಟ್ಟೆಪಾಡಿಗೆ, ಕೆಲವರನ್ನು ಯುದ್ಧದ ಕಾಲದಲ್ಲಿ ದುಡಿಮೆಗೆ ಎಳೆದು ತಂದರು. ಯುದ್ಧ ಮುಗಿದ ಮೇಲೆ ಹಲವರು ಮರಳಿದರು, ಸುಮಾರು ಆರು ಲಕ್ಷ ಜನ ಉಳಿದರು. 1952ರಲ್ಲಿ ಅವರ ಜಪಾನಿ ಪೌರತ್ವ ಹೋಯಿತು. ಅಲ್ಲಿಂದ ಮುಂದೆ ಅಲ್ಲೇ ಹುಟ್ಟಿ, ಜಪಾನೀಸ್ ಬಿಟ್ಟು ಬೇರೆ ಭಾಷೆ ಬಾರದ ಅವರ ಮಕ್ಕಳು ಮೊಮ್ಮಕ್ಕಳೂ ಕಾನೂನಿನ ಕಣ್ಣಿಗೆ ವಿದೇಶಿಗಳು. ತಾರತಮ್ಯ ತಪ್ಪಿಸಿಕೊಳ್ಳಲು ಅನೇಕರು ಜಪಾನಿ ಹೆಸರು ಇಟ್ಟುಕೊಂಡರು. ಮೇಲೆ ಹೇಳಿದ 15 ಲಕ್ಷ ವಿದೇಶಿಯರಲ್ಲಿ ಅತಿ ದೊಡ್ಡ ಗುಂಪು ಕೊರಿಯನ್ನರದೇ.

ಈಗ ಜೇಕ್ ಮತ್ತು ಎಮಿಯನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿ. ಜೇಕ್ ಮುಖದಿಂದಲೇ ಹೊರಗಿನವನು. ತಪ್ಪು ಮಾಡಿದರೂ ‘ಪಾಪ, ವಿದೇಶಿ’ ಎಂದು ಒಂದಿಷ್ಟು ರಿಯಾಯಿತಿ. ಎಮಿಯ ಭಾಷೆಯಲ್ಲಿ, ಮುಖದಲ್ಲಿ ಎಲ್ಲೂ ಹೊರಗಿನತನ ಕಾಣುವುದಿಲ್ಲ. ಆದರೆ ಗೊತ್ತಾದರೆ ರಿಯಾಯಿತಿ ಇಲ್ಲ. ನನ್ನ ಮಟ್ಟಿಗೆ ಸರಣಿಯ ಅತ್ಯಂತ ಸೂಕ್ಷ್ಮ ಪಾತ್ರ ಅವಳದೇ.

ಇದೇ ದಾರಿಯ ಇನ್ನು ಕೆಲವು

2018ರ ‘ಮ್ಯಾಕ್‌ಮಾಫಿಯಾ’ ಲಂಡನ್ನಿನಲ್ಲಿ ನೆಲೆಸಿದ ರಷ್ಯನ್ ಸಿರಿವಂತ ಕುಟುಂಬದ ಕಥೆ. ಅಲ್ಲಿ ರಷ್ಯನ್ನರು ತಮ್ಮೊಳಗೆ ರಷ್ಯನ್ ಮಾತಾಡುತ್ತಾರೆ, ನಮ್ಮ ನವಾಜುದ್ದೀನ್ ಸಿದ್ದಿಕಿಯೂ ಇದ್ದಾರೆ. 2019ರ ‘ಗಿರಿ/ಹಾಜಿ’ಯಲ್ಲಿ ಟೋಕಿಯೋದ ಪೊಲೀಸ್ ತನ್ನ ತಮ್ಮನನ್ನು ಹುಡುಕಿ ಲಂಡನ್ನಿಗೆ ಬರುತ್ತಾನೆ. ‘ಟೋಕಿಯೋ ವೈಸ್’ನ ಕನ್ನಡಿ ಬಿಂಬ ಎನ್ನಬಹುದು. 2021ರ ‘ದಿ ಸರ್ಪೆಂಟ್’ 1970ರ ದಶಕದ ಬ್ಯಾಂಕಾಕ್‌ನ ವಿದೇಶಿಯರ ನಡುವೆ ನಡೆಯುತ್ತದೆ. 1976ರಲ್ಲಿ ದೆಹಲಿಯಲ್ಲಿ ಸಿಕ್ಕಿಬಿದ್ದ ಸರಣಿ ಕೊಲೆಗಾರ ಚಾರ್ಲ್ಸ್ ಶೋಭರಾಜ್‌ನ ಕಥೆ ಅದು. ಇಂಗ್ಲಿಷ್ ಮತ್ತು ಫ್ರೆಂಚ್ ಅಲ್ಲಿ ಮುಖ್ಯ. ಯಾರ ಮುಂದೆ ಯಾವ ಭಾಷೆ ಎಂಬುದನ್ನು ಅಲ್ಲೂ ಗಮನಿಸಿ.

ಹಾಗೆ ನೋಡಿದರೆ ಬಿಡದಿಯಲ್ಲಿ 1997ರಲ್ಲಿ ಟೊಯೋಟ ಕಿರ್ಲೋಸ್ಕರ್ ಬಂದ ಮೇಲೆ ಬೆಂಗಳೂರಿನಲ್ಲೂ ಜಪಾನಿಗಳ ಒಂದು ಲೋಕ ಇದೆ. ಅಲ್ಲಿ ಕನ್ನಡ, ಜಪಾನೀಸ್, ಇಂಗ್ಲಿಷ್ ಬೆರೆತ ಕ್ರೈಮ್ ಸರಣಿ ಯಾರಾದರೂ ಬರೆದರೆ ನಾನಂತೂ ನೋಡುತ್ತೇನೆ.

ನೋಡಲು ಕೂರುವ ಮೊದಲು

ಆಡಿಯೋ ಮತ್ತು ಸಬ್‌ಟೈಟಲ್ ಎರಡಕ್ಕೂ ಬೇರೆ ಬೇರೆ ಆಯ್ಕೆ ಇರುತ್ತದೆ. ಆಡಿಯೋದಲ್ಲಿ ‘ಒರಿಜಿನಲ್’ ಎಂದಿರುವುದನ್ನು ಒತ್ತಿ. ಸಬ್‌ಟೈಟಲ್ ಪೂರ್ತಿ ಆಫ್ ಮಾಡಿದರೆ ಸಾಮಾನ್ಯವಾಗಿ ಇಂಗ್ಲಿಷ್ ಅಲ್ಲದ ಮಾತಿಗೆ ಮಾತ್ರ ಸಾಲು ಬರುತ್ತದೆ. ‘ಇಂಗ್ಲಿಷ್’ ಇಟ್ಟರೆ ಎಲ್ಲದಕ್ಕೂ ಬರುತ್ತದೆ. ‘ಸಿಸಿ’ ಎಂಬ ಗುರುತು ಇರುವುದು ಕಿವಿ ಕೇಳಿಸದವರಿಗಾಗಿ ಮಾಡಿದ್ದು. ಅದರಲ್ಲಿ ಬಾಗಿಲ ಸದ್ದು, ಸಂಗೀತದ ಜೊತೆಗೆ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಾರೆ ಎಂಬುದನ್ನೂ ಎಷ್ಟೋ ಸಲ ಬರೆದಿರುತ್ತಾರೆ. ಎಲ್ಲರ ಮಾತೂ ಒಂದೇ ಥರ ಕೇಳಿಸುತ್ತಿದೆ ಅನಿಸಿದರೆ ಮೊದಲ ಕಂತಿಗಾದರೂ ಅದನ್ನು ಹಾಕಿಕೊಳ್ಳಿ.

ಮೊದಲ ದೃಶ್ಯ 2001ರದ್ದು. ಒಂದು ಹೋಟೆಲಿನಲ್ಲಿ ಜೇಕ್, ಕತಗಿರಿ ಮತ್ತು ಗ್ಯಾಂಗಿನವರು ಎದುರುಬದುರು ಕೂತಿರುತ್ತಾರೆ. ತಕ್ಷಣ ಕಥೆ ಎರಡು ವರ್ಷ ಹಿಂದಕ್ಕೆ ಹೋಗುತ್ತದೆ. ಗಾಬರಿಯಾಗಬೇಡಿ, ಅದಕ್ಕೆ ಉತ್ತರ ತುಂಬ ತಡವಾಗಿ ಸಿಗುತ್ತದೆ. ಮೊದಲ ಸೀಸನ್ 8 ಕಂತು. 2024ರ ಫೆಬ್ರವರಿಯಲ್ಲಿ ಶುರುವಾದ ಎರಡನೆಯದು 10 ಕಂತು. ಮೂರನೆಯದು ಇಲ್ಲ ಎಂದು ಅದೇ ವರ್ಷದ ಜೂನ್‌ನಲ್ಲಿ ಹೇಳಿಬಿಟ್ಟರು.